ಹಳೆಯ ಮೋಟಾರ್‌ಸೈಕಲ್, ಮಣ್ಣಿನ ಪಂದ್ಯ ಮತ್ತು ಬಿಡಿಭಾಗದ ವ್ಯಾಪಾರ

ಅಮೆರಿಕದಲ್ಲಿಯೂ ಬ್ರಿಟನ್ ಮೊದಲಾದ ಯೂರೋಪಿನ ದೇಶಗಳಲ್ಲಿಯೂ ಹಳೆಯ ಮೋಟಾರ್‌ಸೈಕಲ್‌ಗಳಿಗೆಂದೇ ಮಣ್ಣಿನ ಪಂದ್ಯಗಳು ನಡೆಯುತ್ತವೆ. ಐವತ್ತು ವರ್ಷ ದಾಟಿದ ಯಂತ್ರಗಳನ್ನು ವಸ್ತುಸಂಗ್ರಹಾಲಯದಲ್ಲಿಟ್ಟು ಒರೆಸುವ ಬದಲು ಕೆಸರಿಗಿಳಿಸಿ, ದಿಬ್ಬ ಹಾರಿಸಿ, ಸಂಜೆಯ ವೇಳೆಗೆ ಗುರುತು ಸಿಗದಂತೆ ಮಾಡುವ ಈ ಹವ್ಯಾಸವು ಮೊದಲ ನೋಟಕ್ಕೆ ಹುಡುಗಾಟವೆಂದು ತೋರಬಹುದು. ಆದರೆ ವ್ಯಾಪಾರಿಯ ಕಣ್ಣಿಗೆ ಅಲ್ಲಿ ಬೇರೊಂದು ಪ್ರಶ್ನೆ ಕಾಣಬೇಕು. ತಯಾರಕ ಸಂಸ್ಥೆಯೇ ಕೈಬಿಟ್ಟಿರುವ ಈ ಯಂತ್ರಗಳಲ್ಲಿ ಪ್ರತಿ ಪಂದ್ಯಕ್ಕೂ ಏನಾದರೊಂದು ಸವೆಯುತ್ತದೆ, ಬಾಗುತ್ತದೆ, ಮುರಿಯುತ್ತದೆ. ಆ ಭಾಗವನ್ನು ಮತ್ತೆ ಮಾಡಿಕೊಡುವವರು ಯಾರು? ಯಾವ ಬೆಲೆಗೆ? ಕರ್ನಾಟಕದ ಸಣ್ಣ ಕೈಗಾರಿಕೆಗಳು ಆ ಪಟ್ಟಿಯಲ್ಲಿ ಏಕೆ ಎದ್ದು ಕಾಣುವುದಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ನಿರ್ದಿಷ್ಟ ಯಂತ್ರವನ್ನೇ ಎದುರಿಗಿಟ್ಟುಕೊಳ್ಳುವುದು ಲೇಸು. 1972ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ಎಕ್ಸ್‌ಎಲ್ 250 ಎಂಬ ಮೋಟಾರ್‌ಸೈಕಲನ್ನು ಮಾರುಕಟ್ಟೆಗೆ ತಂದಿತು. ರಸ್ತೆಯಲ್ಲಿಯೂ ಓಡಬಲ್ಲ, ಹೊಲ ಕಾಡುಗಳ ಜಾಡಿನಲ್ಲಿಯೂ ಸಾಗಬಲ್ಲ ಇಂಥವಕ್ಕೆ ಟ್ರೇಲ್ ಬೈಕ್ ಎಂದು ಹೆಸರು. ಒಂದೇ ಸಿಲಿಂಡರ್, ಬೋರ್ 74 ಮಿಲಿಮೀಟರ್, ಸ್ಟ್ರೋಕ್ 57.8 ಮಿಲಿಮೀಟರ್, ಒಟ್ಟು 248 ಸಿಸಿ, ತಲೆಯಲ್ಲಿ ನಾಲ್ಕು ವಾಲ್ವ್. ಮಣ್ಣಿನಲ್ಲಿ ಆಗ ಟೂ ಸ್ಟ್ರೋಕ್ ಎಂಜಿನ್ನಿನ ರಾಜ್ಯಭಾರ. 500 ಸಿಸಿ ಮೋಟೋಕ್ರಾಸ್ ವಿಶ್ವ ಪ್ರಶಸ್ತಿಯನ್ನು ಫೋರ್ ಸ್ಟ್ರೋಕ್ ಯಂತ್ರವೊಂದು ಗೆದ್ದು ಏಳು ವರ್ಷಗಳಾಗಿದ್ದವು. 1964 ಮತ್ತು 1965ರಲ್ಲಿ ಜೆಫ್ ಸ್ಮಿತ್ ಬಿಎಸ್‌ಎ ಮೇಲೆ ಗೆದ್ದದ್ದೇ ಕೊನೆ. ಹೋಂಡಾ ಕೂಡ ಎಕ್ಸ್‌ಎಲ್ 250ಅನ್ನು ಪಂದ್ಯಕ್ಕೆಂದು ಮಾಡಲಿಲ್ಲ. ಪಂದ್ಯಕ್ಕೆ ಬೇಕಾದಾಗ ಅದು 1973ರ ಮಾದರಿಯಾಗಿ ಸಿಆರ್ 250ಎಂ ಎಂಬ ಟೂ ಸ್ಟ್ರೋಕ್ ಯಂತ್ರವನ್ನೇ ಬೇರೆಯಾಗಿ ತಯಾರಿಸಿತು. ಅದರ ತೂಕ ನೂರು ಕಿಲೋಗ್ರಾಮಿನೊಳಗೆ. ಎಕ್ಸ್‌ಎಲ್ 250ರದು 125 ಕಿಲೋಗ್ರಾಮಿಗೂ ಮಿಗಿಲು.

ಹೀಗಿರುವಾಗ ಭಾರವಾದ, ಸಾಧು ಸ್ವಭಾವದ ಟ್ರೇಲ್ ಬೈಕನ್ನು ಪಂದ್ಯಕ್ಕೆ ಏಕೆ ಸಜ್ಜುಗೊಳಿಸಬೇಕು? ಅದು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿತ್ತಾದ್ದರಿಂದ ಹಳೆಯ ಶೆಡ್ಡುಗಳಲ್ಲಿ ಇಂದಿಗೂ ಸಿಗುತ್ತದೆ ಎಂಬುದು ಒಂದು ಕಾರಣ. ಪಂದ್ಯದ ನಿಯಮವು ಹೊಸ ತಂತ್ರಜ್ಞಾನಕ್ಕೆ ಬಾಗಿಲು ಮುಚ್ಚಿರುವುದು ಇನ್ನೊಂದು. ಅಮೆರಿಕದಲ್ಲಿ 1986ರಲ್ಲಿ ಸ್ಥಾಪನೆಯಾದ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್ ತನ್ನ ವಿಂಟೇಜ್ ಮೋಟೋಕ್ರಾಸ್ ವರ್ಗದಲ್ಲಿ ಮುಂದಿನ ಚಕ್ರದ ಏರಿಳಿತಕ್ಕೆ 7 ಇಂಚು, ಹಿಂದಿನ ಚಕ್ರಕ್ಕೆ 4 ಇಂಚಿನ ಮಿತಿ ವಿಧಿಸಿದೆ. ಇಂದಿನ ಮೋಟೋಕ್ರಾಸ್ ಬೈಕುಗಳಲ್ಲಿ ಎರಡು ಕಡೆಯೂ ಹನ್ನೆರಡು ಇಂಚಿನ ಆಸುಪಾಸು ಇರುವುದನ್ನು ನೆನೆದರೆ ಈ ಮಿತಿಯ ಅರ್ಥ ತಿಳಿಯುತ್ತದೆ. ಹಣವಿದ್ದವನು ಆಧುನಿಕ ಸಸ್ಪೆನ್ಷನ್ ಕೊಂಡು ತಂದು ಗೆಲ್ಲಲಾರ. ಹಳೆಯ ವಿನ್ಯಾಸದ ಎಲ್ಲೆಯೊಳಗೇ ಭಾಗಗಳನ್ನು ಉತ್ತಮಪಡಿಸಿಕೊಳ್ಳಬೇಕು. ಬಿಡಿಭಾಗದ ಮಾರುಕಟ್ಟೆ ಹುಟ್ಟಿದ್ದೇ ಈ ಕಟ್ಟಳೆಯಿಂದ. ನಿಯಮವೊಂದು ವ್ಯಾಪಾರವನ್ನು ಕಟ್ಟಿಹಾಕುವುದಕ್ಕಿಂತ ಹೆಚ್ಚಾಗಿ ಸೃಷ್ಟಿಸಿದ ಅಪರೂಪದ ನಿದರ್ಶನವಿದು.

ಸಿದ್ಧತೆಯ ಮೊದಲ ಹಂತದಲ್ಲಿ ಖರ್ಚೇ ಇಲ್ಲ, ಬಿಚ್ಚುವುದಷ್ಟೇ. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಕನ್ನಡಿ, ಸ್ಪೀಡೋಮೀಟರ್, ಸ್ಟ್ಯಾಂಡ್, ಹಿಂಬದಿ ಸವಾರನ ಕಾಲಾಸರೆ ಎಲ್ಲವೂ ಹೊರಗೆ ಹೋಗುತ್ತವೆ. ಉಕ್ಕಿನ ಮಡ್‌ಗಾರ್ಡಿನ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬರುತ್ತದೆ, ಭಾರವಾದ ಸೈಲೆನ್ಸರಿನ ಬದಲು ಹಗುರವಾದದ್ದು. ಹೀಗೆ ಬಿಚ್ಚಿದ ಬೈಕು ರಸ್ತೆಗೆ ಅರ್ಹವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಭಾರತದಲ್ಲಿಯೂ 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ಕಲ್ಪಿಸಿತಾದರೂ ಮೂಲರೂಪವನ್ನು ಗಣನೀಯವಾಗಿ ಬದಲಿಸಿದ ವಾಹನಕ್ಕೆ ಅದು ಅನ್ವಯಿಸದು. ಪ್ರದರ್ಶನದ ಬೈಕು ಬೇರೆ, ಪಂದ್ಯದ ಬೈಕು ಬೇರೆ. ಎರಡನ್ನೂ ಒಂದರಲ್ಲೇ ಸಾಧಿಸಹೊರಟವರು ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ಬಿಚ್ಚಿದ ಬಳಿಕ ಹಣ ಎಲ್ಲಿ ಹಾಕಬೇಕೆಂಬ ಪ್ರಶ್ನೆ ಬರುತ್ತದೆ. ಹೊಸಬರು ನೇರವಾಗಿ ಎಂಜಿನ್ನಿಗೆ ಕೈಹಾಕುವುದು ವಾಡಿಕೆ. ದೊಡ್ಡ ಪಿಸ್ಟನ್, ಹೆಚ್ಚಿನ ಕಂಪ್ರೆಷನ್, ಬೇರೆ ಕ್ಯಾಮ್‌ಶಾಫ್ಟ್, ದೊಡ್ಡ ಕಾರ್ಬ್ಯುರೇಟರ್ ಎಂದು ಪಟ್ಟಿ ಬೆಳೆಯುತ್ತದೆ. ಇಪ್ಪತ್ತರ ಆಸುಪಾಸಿನ ಅಶ್ವಶಕ್ತಿಗೆ ಮೂರೋ ನಾಲ್ಕೋ ಸೇರಿಸಲು ಮಾಡುವ ಈ ವೆಚ್ಚವು ಸಾಮಾನ್ಯವಾಗಿ ಮೊದಲ ತಿರುವಿನಲ್ಲಿಯೇ ವ್ಯರ್ಥವಾಗುತ್ತದೆ. ಏಕೆಂದರೆ ಐವತ್ತು ವರ್ಷದ ಚಾಸಿಯು ಇರುವ ಶಕ್ತಿಯನ್ನೇ ನೆಲಕ್ಕೆ ಮುಟ್ಟಿಸಲಾರದೆ ತೂರಾಡುತ್ತಿರುತ್ತದೆ. ಈ ಕೆಲಸದಲ್ಲಿ ಪಳಗಿದವರು ಕ್ರಮವನ್ನು ತಿರುಗುಮುರುಗು ಮಾಡುತ್ತಾರೆ: ಬೈಕು ಮೊದಲು ನೇರವಾಗಿ ಓಡಬೇಕು, ಆಮೇಲೆ ತಿರುಗಬೇಕು, ನಿಲ್ಲಬೇಕು, ವೇಗದ ಮಾತು ಕೊನೆಗೆ.

ನೇರವಾಗಿ ಓಡಬೇಕಾದರೆ ನೋಡಬೇಕಾದ ಮೊದಲ ಜಾಗ ಸ್ವಿಂಗ್ ಆರ್ಮ್. ಹಿಂದಿನ ಚಕ್ರವನ್ನು ಹೊತ್ತ ಈ ಕವಲು ಚಾಸಿಗೆ ಕೀಲುಗೊಂಡಿರುವಲ್ಲಿ ಎರಡು ಬುಷ್‌ಗಳಿರುತ್ತವೆ. ಆ ಕಾಲದ ಹಲವು ಜಪಾನೀ ಬೈಕುಗಳಲ್ಲಿ ಅವು ಪ್ಲಾಸ್ಟಿಕ್ಕಿನವು. ಮಾಡಲು ಅಗ್ಗ, ರಸ್ತೆಯ ಓಡಾಟಕ್ಕೆ ಸಾಕು. ಕೆಸರು, ಮರಳು, ನೀರು ಒಳಸೇರಿದ ಮೇಲೆ ಅವು ಬೇಗನೆ ಸವೆಯುತ್ತವೆ. ಎರಡು ಬುಷ್‌ಗಳ ನಡುವಣ ಅಂತರಕ್ಕಿಂತ ಕೀಲಿನಿಂದ ಚಕ್ರದ ಅಚ್ಚಿನವರೆಗಿನ ದೂರವು ಎರಡು ಪಟ್ಟಿಗೂ ಹೆಚ್ಚು. ಆದಕಾರಣ ಬುಷ್‌ನಲ್ಲಿ ಅರ್ಧ ಮಿಲಿಮೀಟರ್ ಸವೆದರೆ ಚಕ್ರದ ಬಳಿ ಅದು ಒಂದು ಮಿಲಿಮೀಟರನ್ನೂ ಮೀರಿದ ಆಟವಾಗುತ್ತದೆ. ತಿರುವಿನಲ್ಲಿ ಹಿಂಬದಿ ನುಲಿಯುವುದು, ಚೈನು ಕಳಚಿ ಬೀಳುವುದು, ಸವಾರನಿಗೆ ಬೈಕಿನ ಮೇಲೆ ನಂಬಿಕೆ ತಪ್ಪುವುದು ಎಲ್ಲಕ್ಕೂ ಮೂಲ ಅಲ್ಲಿ. ಪರಿಹಾರ ತೀರಾ ಸರಳ. ಲೇತ್ ಮೇಲೆ ಕಡೆದ ಎರಡು ಗನ್‌ಮೆಟಲ್ ಬುಷ್, ಒಳಗೆ ಗಟ್ಟಿಗೊಳಿಸಿ ಗ್ರೈಂಡ್ ಮಾಡಿದ ಒಂದು ಉಕ್ಕಿನ ತೋಳು, ಗ್ರೀಸ್ ಹರಿಯಲು ಒಂದು ಗಾಡಿ, ಧೂಳು ತಡೆಯಲು ಒಂದು ಸೀಲು. ಪೀಣ್ಯದ ಯಾವ ಸಣ್ಣ ಘಟಕಕ್ಕೂ ಇದು ಹೊಸ ವಿದ್ಯೆಯಲ್ಲ.

ಮುಂದಿನದು ಹ್ಯಾಂಡಲಿನ ಕತ್ತು. ಅಲ್ಲಿ ಬಿಡಿ ಗುಂಡುಗಳ ಬೇರಿಂಗ್ ಇರುತ್ತದೆ. ದಿಬ್ಬ ಹಾರಿ ನೆಲಕ್ಕೆ ಬಿದ್ದಾಗಲೆಲ್ಲ ಗುಂಡುಗಳು ಬಟ್ಟಲಿನಲ್ಲಿ ಕುಳಿ ಒತ್ತುತ್ತವೆ. ಕೆಲಕಾಲದ ನಂತರ ಹ್ಯಾಂಡಲು ನಟ್ಟನಡುವೆ ಸಿಕ್ಕಿಕೊಂಡಂತೆ ತಡವರಿಸುತ್ತದೆ. ಇದರ ಜಾಗಕ್ಕೆ ಟೇಪರ್ ರೋಲರ್ ಬೇರಿಂಗ್ ಕೂರಿಸುವುದು ರೂಢಿ. ಬೇರಿಂಗ್ ಅಳತೆಗೆ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಹಳೆಯ ಚಾಸಿಗೆ ಹೊಂದಿಸುವ ಅಡಾಪ್ಟರ್ ಉಂಗುರವನ್ನು ಮಾತ್ರ ಯಾರಾದರೂ ಕಡೆದುಕೊಡಬೇಕು. ಮುಂದಿನ ಫೋರ್ಕಿಗೆ ಬಿಗಿಯಾದ ಸ್ಪ್ರಿಂಗು, ದಪ್ಪನೆಯ ತೈಲ, ಹೊಸ ಸೀಲು. ಹಿಂದೆ ಹೊಸ ಶಾಕ್ ಅಬ್ಸಾರ್ಬರ್ ಅನಿವಾರ್ಯ. ಹಳೆಯದನ್ನು ರಿಪೇರಿ ಮಾಡಿ ಬಳಸುವುದು ಉಳಿತಾಯದಂತೆ ಕಂಡರೂ ಕೆಲವೇ ಸುತ್ತುಗಳಲ್ಲಿ ಬಿಸಿಯೇರಿ ಅದು ಕೈಕೊಡುತ್ತದೆ.

ಚಕ್ರದ ಕಡ್ಡಿಗಳನ್ನು ಹೊಸದಾಗಿ ಕಟ್ಟಿ ಬಿಗಿಯಬೇಕು. ಟೈರಿನಲ್ಲಿ ಗಾಳಿ 12ರಿಂದ 14 ಪೌಂಡಿನಷ್ಟೇ ಇರುವುದರಿಂದ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಹರಿಯದಂತೆ ರಿಮ್ ಲಾಕ್ ಬೇಕು. ಡ್ರಮ್ ಬ್ರೇಕುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಲೈನಿಂಗ್ ಅಂಟಿಸಿದರೆ ಸಾಲದು, ಶೂಗಳನ್ನು ಅದೇ ಡ್ರಮ್ಮಿನ ಒಳವ್ಯಾಸಕ್ಕೆ ಹೊಂದುವಂತೆ ಲೇತ್ ಮೇಲೆ ತಿರುಗಿಸಿ ಕಡೆಯಬೇಕು. ಇಲ್ಲದಿದ್ದರೆ ಲೈನಿಂಗ್‌ನ ಸ್ವಲ್ಪ ಭಾಗ ಮಾತ್ರ ಡ್ರಮ್ಮನ್ನು ಮುಟ್ಟಿ, ಬ್ರೇಕು ಇದೆಯೋ ಇಲ್ಲವೋ ಎಂಬಂತಾಗುತ್ತದೆ. ಬಿದ್ದಾಗ ಮಡಚಿಕೊಳ್ಳುವ ಕಾಲಾಸರೆ, ತುದಿ ಗುಂಡಗಿರುವ ಲಿವರ್, ಎಂಜಿನ್ ನಿಲ್ಲಿಸುವ ಸ್ವಿಚ್ಚು ಇವು ಸುರಕ್ಷತೆಯ ಅಗತ್ಯಗಳು. ತಪಾಸಣೆಯಲ್ಲಿ ಮೊದಲು ನೋಡುವುದೂ ಇವನ್ನೇ. ಹಿಂದಿನ ಸ್ಪ್ರಾಕೆಟ್ಟಿಗೆ ಕೆಲವು ಹಲ್ಲು ಹೆಚ್ಚಿಸಿದರೆ ಎಂಜಿನ್ ಮುಟ್ಟದೆಯೇ ಎಳೆತ ಹೆಚ್ಚುತ್ತದೆ. ಇಡೀ ಸಿದ್ಧತೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಭಾಗ ಪ್ರಾಯಶಃ ಈ ಹಲ್ಲಿನ ಚಕ್ರವೇ.

ಇನ್ನು ಎಂಜಿನ್. ಎಕ್ಸ್‌ಎಲ್ 250ರ ಕ್ಯಾಮ್‌ಶಾಫ್ಟ್ ಪ್ರತ್ಯೇಕ ಬೇರಿಂಗ್ ಇಲ್ಲದೆ ನೇರವಾಗಿ ಅಲ್ಯೂಮಿನಿಯಂ ಹೆಡ್ಡಿನಲ್ಲಿಯೇ ತಿರುಗುತ್ತದೆ. ತೈಲ ಹಳತಾದರೆ, ಕಡಿಮೆಯಾದರೆ, ಅಥವಾ ಶೀತಲ ಎಂಜಿನ್ನನ್ನು ಚಾಲೂ ಮಾಡಿದೊಡನೆ ರೊಯ್ಯನೆ ಏರಿಸಿದರೆ ಹೆಡ್ಡಿನ ಆ ಮೇಲ್ಮೈ ಗೀರುಬೀಳುತ್ತದೆ. ಆಮೇಲೆ ಹಾಳಾಗುವುದು ಸಣ್ಣದೊಂದು ಬೇರಿಂಗ್ ಅಲ್ಲ, ಇಡೀ ಹೆಡ್. ಆದ್ದರಿಂದ ಪಂದ್ಯದ ಸಿದ್ಧತೆಯೆಂದರೆ ಇಲ್ಲಿ ಮುಖ್ಯವಾಗಿ ತೈಲದ ಸಿದ್ಧತೆ: ಪಂಪನ್ನು ಅಳೆದು ನೋಡುವುದು, ಕಾಲುವೆಗಳನ್ನು ತೊಳೆಯುವುದು, ಪ್ರತಿ ಪಂದ್ಯದ ನಂತರ ತೈಲ ಬದಲಿಸುವುದು. ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುವಾಗ ಫೋರ್ಜ್ ಮಾಡಿದ ಪಿಸ್ಟನ್ನಿಗೆ ಎರಕದ ಪಿಸ್ಟನ್ನಿಗಿಂತ ಹೆಚ್ಚು ಸಡಿಲ ಬಿಡಬೇಕು. ಬಿಸಿಗೆ ಅದು ಹೆಚ್ಚು ಹಿಗ್ಗುತ್ತದೆ. ಕಾಯ್ದ ಎಂಜಿನ್ ಹಿಡಿದು ನಿಲ್ಲುವ ಪ್ರಕರಣಗಳಲ್ಲಿ ಎಷ್ಟೋ ಬಾರಿ ದೋಷ ಪಿಸ್ಟನ್ನಿನದಲ್ಲ, ಈ ವ್ಯತ್ಯಾಸ ತಿಳಿಯದ ಬೋರಿಂಗ್ ಕೆಲಸದ್ದು. ಕ್ಯಾಮ್ ಚೈನು, ಅದರ ಟೆನ್ಷನರು, ಕ್ಲಚ್ ಪ್ಲೇಟು ಮತ್ತು ಸ್ಪ್ರಿಂಗು, ಎಣ್ಣೆ ಸವರಿದ ಫೋಮ್ ಏರ್ ಫಿಲ್ಟರು ಹೊಸದಾದರೆ ಮಿಕ್ಕಂತೆ ಈ ಎಂಜಿನ್ ದುಡಿಯುತ್ತದೆ. ರಬ್ಬರಿನ ಭಾಗಗಳಿಗೆ ಮಾತ್ರ ಹೊಸದೊಂದು ಶತ್ರು ಬಂದಿದೆ. 1970ರ ದಶಕದ ಪೈಪು, ವಾಷರು, ಕಾರ್ಬ್ಯುರೇಟರ್ ಉಂಗುರಗಳು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹೇಳಿಮಾಡಿಸಿದವಲ್ಲ. ಅಮೆರಿಕದಲ್ಲಿ ಶೇಕಡಾ 10ರ ಮಿಶ್ರಣ ಸಾಮಾನ್ಯ. ಭಾರತದಲ್ಲಿ ಅದು 20ಕ್ಕೆ ಏರಿದೆ. ಎಥನಾಲ್ ತಡೆಯುವ ರಬ್ಬರಿನಲ್ಲಿ ಹಳೆಯ ಅಳತೆಯ ಭಾಗಗಳನ್ನು ಅಚ್ಚುಹಾಕಿ ಕೊಡುವವರಿಗೆ ಇಲ್ಲಿಯ ಹಳೆಯ ವಾಹನದವರೂ ಗಿರಾಕಿಗಳೇ.

ಮೇಲಿನ ವಿವರಣೆಯಲ್ಲಿ ವ್ಯಾಪಾರಿಯು ಗಮನಿಸಬೇಕಾದದ್ದೇನೆಂದರೆ, ಬೇಕಾದ ಭಾಗಗಳಲ್ಲಿ ಹೆಚ್ಚಿನವು ದೊಡ್ಡ ಕಾರ್ಖಾನೆಯ ಸರಕಲ್ಲ. ಬುಷ್, ತೋಳು, ಉಂಗುರ, ಸ್ಪ್ರಾಕೆಟ್, ಸ್ಪ್ರಿಂಗ್, ಸೀಲು, ಕಾಲಾಸರೆಯ ಬ್ರಾಕೆಟ್ಟು. ಇವುಗಳನ್ನು ಮೊದಲಿಂದಲೂ ಸಣ್ಣವರೇ ಮಾಡಿಕೊಂಡು ಬಂದಿದ್ದಾರೆ. ಕ್ಯಾಲಿಫೋರ್ನಿಯಾದ ಪ್ರೆಸ್ಟನ್ ಪೆಟ್ಟಿ ಸ್ವತಃ ಸ್ಪರ್ಧಾಳು. ಬಿದ್ದಾಗಲೆಲ್ಲ ಮುರಿಯುವ ಮಡ್‌ಗಾರ್ಡಿನಿಂದ ಬೇಸತ್ತು ಬಾಗಿದರೂ ಮುರಿಯದ ಪ್ಲಾಸ್ಟಿಕ್ ಮಡ್‌ಗಾರ್ಡ್ ಮಾಡಿ 1970ರ ದಶಕದಲ್ಲಿ ಮನೆಮಾತಾದರು. ಹೋಂಡಾದ ಈ ಸಿಂಗಲ್ ಸಿಲಿಂಡರ್ ಎಂಜಿನ್ನುಗಳ ಸಾಮರ್ಥ್ಯ ಹೆಚ್ಚಿಸುವ ಭಾಗಗಳನ್ನು ಮಾರಿ ಹೆಸರು ಮಾಡಿದ ಪವರೋಲ್ ಎಂಬುದು ಆರಿಗಾನ್ ರಾಜ್ಯದ ಸಣ್ಣ ಸಂಸ್ಥೆ.

ಇನ್ನೂ ದೊಡ್ಡ ನಿದರ್ಶನ ಸ್ವೀಡನ್ನಿನದು. ಯಮಾಹಾ ಸಂಸ್ಥೆಯು 1976ರ ಮಾದರಿಯಾಗಿ ಎಕ್ಸ್‌ಟಿ 500 ಎಂಬ ಫೋರ್ ಸ್ಟ್ರೋಕ್ ಟ್ರೇಲ್ ಬೈಕನ್ನು ಹೊರತಂದಿತು. ಗಟ್ಟಿಮುಟ್ಟಾದ, ಭಾರವಾದ ಯಂತ್ರ. ಅದು 1979ರ ಮೊದಲ ಪ್ಯಾರಿಸ್–ಡಾಕಾರ್ ರ್‍ಯಾಲಿಯನ್ನು ಸಿರಿಲ್ ನೆವೂ ಅವರಿಗೆ ಗೆದ್ದುಕೊಟ್ಟದ್ದು ಪ್ರಸಿದ್ಧ. ಅದಕ್ಕೂ ಮೊದಲೇ ನಿವೃತ್ತ ವಿಶ್ವ ಚಾಂಪಿಯನ್ನರಾದ ಟೋರ್ಸ್ಟನ್ ಹಾಲ್‌ಮನ್ ಮತ್ತು ಸ್ಟೆನ್ ಲುಂಡಿನ್ ಅದರ ಎಂಜಿನ್ನನ್ನು ತೆಗೆದು, ತೂಕ ಇಳಿಸಿ, ಹಗುರವಾದ ಹೊಸ ಚಾಸಿಗೆ ಕೂರಿಸಿದರು. ಇಬ್ಬರ ಹೆಸರಿನ ಮೊದಲಕ್ಷರಗಳಿಂದ ಅದು ಎಚ್‌ಎಲ್ 500 ಎನಿಸಿತು. ಟೂ ಸ್ಟ್ರೋಕ್‌ಗಳೇ ತುಂಬಿದ್ದ 1977ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಂಗ್ಟ್ ಓಬರ್ಗ್ ಅದನ್ನೋಡಿಸಿ ಲಕ್ಸೆಂಬರ್ಗ್‌ನಲ್ಲಿ ಒಂದು ಓಟವನ್ನು ಗೆದ್ದರು. ವರ್ಷಾಂತ್ಯದಲ್ಲಿ ಒಂಬತ್ತನೆಯ ಸ್ಥಾನ ಪಡೆದರು. ನಂತರ ಇಂಗ್ಲೆಂಡಿನಲ್ಲಿ ಅದರ ಪ್ರತಿಕೃತಿಗಳೂ ತಯಾರಾದವು. ಹಾಲ್‌ಮನ್ ಸ್ಥಾಪಿಸಿದ ಸ್ಪರ್ಧಾ ಉಡುಪಿನ ವ್ಯಾಪಾರವು ಥಾರ್ ಎಂಬ ಹೆಸರಿನಲ್ಲಿ ಇಂದಿಗೂ ಪ್ರಪಂಚದಾದ್ಯಂತ ಚಿರಪರಿಚಿತ. ಮೈದಾನದಲ್ಲಿ ಏನು ಮುರಿಯುತ್ತದೆಂದು ಬಲ್ಲವರೇ ಅಂಗಡಿಯನ್ನೂ ತೆರೆದರು ಎಂಬುದು ಈ ಇತಿಹಾಸದ ಸಾರ.

ಕರ್ನಾಟಕಕ್ಕೆ ಈ ಕಥೆ ಪೂರ್ತಿ ಹೊರಗಿನದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಹಾಗೂ ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವು ಟೂ ಸ್ಟ್ರೋಕ್ ಯಂತ್ರಗಳು, ಟ್ರೇಲ್ ಬೈಕುಗಳೂ ಅಲ್ಲ. ಆದರೆ ಕಾರ್ಖಾನೆ ಮುಚ್ಚಿದ ನಂತರ ಅವುಗಳ ಒಡೆಯರು ಅನುಭವಿಸಿದ್ದು ಎಕ್ಸ್‌ಎಲ್ 250ರ ಒಡೆಯನ ಪಾಡನ್ನೇ. ಮೂಲ ಭಾಗಗಳ ದಾಸ್ತಾನು ಕರಗುತ್ತಾ ಬಂತು. ಅದರ ಜಾಗವನ್ನು ತುಂಬಿದ ನಕಲಿ ಭಾಗಗಳನ್ನು ಬಲ್ಲ ಮೆಕ್ಯಾನಿಕ್ಕುಗಳು ಕೈಯಲ್ಲಿ ತೂಗಿ ನೋಡಿಯೇ ತಿರಸ್ಕರಿಸುತ್ತಿದ್ದರು. ರಾಜ್ಯದಲ್ಲಿ ಕೌಶಲವಿರಲಿಲ್ಲವೆಂದಲ್ಲ. ಬೆಳಗಾವಿಯ ಫೌಂಡ್ರಿಗಳು, ಶಿವಮೊಗ್ಗದ ಎರಕದ ಘಟಕಗಳು, ಪೀಣ್ಯದ ಲೇತುಗಳು ಆಗಲೂ ಇದ್ದವು. ಇಲ್ಲದಿದ್ದದ್ದು ಹಳೆಯ ಬೈಕಿನ ಗಿರಾಕಿಯೂ ಸರಿಯಾದ ಭಾಗಕ್ಕೆ ಸರಿಯಾದ ಬೆಲೆ ಕೊಡುವನೆಂಬ ವಿಶ್ವಾಸ. ಮೂಲ ಭಾಗಕ್ಕಿಂತ ಅಗ್ಗವಾಗಿರುವುದೊಂದೇ ತನ್ನ ಸರಕಿನ ಗುಣವೆಂದು ತಯಾರಕನೇ ನಂಬಿಬಿಟ್ಟಿದ್ದ. ಬಿಡಿಭಾಗದ ಅಂಗಡಿಗಳಲ್ಲಿ ಇಂದಿಗೂ ಕೇಳುವ ‘ಒರಿಜಿನಲ್ ಬೇಕೋ, ಡೂಪ್ಲಿಕೇಟ್ ಸಾಕೋ’ ಎಂಬ ಪ್ರಶ್ನೆಯಲ್ಲಿ ಮೂರನೆಯದೊಂದು ಬಗೆಯೇ ಇಲ್ಲ: ಮೂಲಕ್ಕಿಂತ ಉತ್ತಮವಾದದ್ದು. ಪ್ಲಾಸ್ಟಿಕ್ ಬುಷ್‌ನ ಬದಲು ಬರುವ ಗನ್‌ಮೆಟಲ್ ಬುಷ್ ನಿಖರವಾಗಿ ಆ ಮೂರನೆಯ ಬಗೆಗೆ ಸೇರಿದ್ದು. ಮಣ್ಣಿನ ಪಂದ್ಯದವನು ಕೇಳುವುದು ಅದನ್ನೇ, ದುಪ್ಪಟ್ಟು ಕೊಡುವುದೂ ಅದಕ್ಕೇ.

ಇದಕ್ಕೆ ಬರುವ ಆಕ್ಷೇಪಗಳು ನಿರೀಕ್ಷಿತವೇ. ಸಂಖ್ಯೆ ಅತ್ಯಲ್ಪ, ಒಂದೊಂದು ಮಾದರಿಗೂ ಬೇರೆ ಅಳತೆ ಎಂಬುದು ಮೊದಲನೆಯದು. ಸಾವಿರಗಟ್ಟಲೆ ತುಂಡುಗಳ ಆದೇಶಕ್ಕೆ ಯಂತ್ರ ಹೂಡಿ ರೂಢಿಯಾದವರಿಗೆ ಐವತ್ತು ತುಂಡಿನ ಕೆಲಸ ಕಿರಿಕಿರಿಯೇ ಸರಿ. ಆದರೆ ಸಿಎನ್‌ಸಿ ಲೇತು ಬಂದ ಮೇಲೆ ಅಳತೆ ಬದಲಿಸುವುದೆಂದರೆ ಬಹುಮಟ್ಟಿಗೆ ಪ್ರೋಗ್ರಾಂ ಬದಲಿಸುವುದು. ಹಿಂದಿನಂತೆ ಇಡೀ ದಿನ ನುಂಗುವ ಕೆಲಸವಲ್ಲ. ಮೇಲಾಗಿ ಸಾವಿರಗಟ್ಟಲೆಯ ಆದೇಶ ಎಂದೆಂದಿಗೂ ಇರುವುದೆಂಬ ಭರವಸೆಯನ್ನು ಯಾರು ಕೊಟ್ಟಿದ್ದಾರೆ? ಎಂಜಿನ್ನಿನ ಭಾಗಗಳನ್ನೇ ನೆಚ್ಚಿಕೊಂಡು ಒಬ್ಬನೇ ದೊಡ್ಡ ಗ್ರಾಹಕನಿಗೆ ದುಡಿಯುತ್ತಿರುವ ಘಟಕಗಳು ವಿದ್ಯುತ್ ಸ್ಕೂಟರುಗಳ ಸಂಖ್ಯೆ ಏರುತ್ತಿರುವುದನ್ನು ದಿನವೂ ನೋಡುತ್ತಿವೆ. ವಿದ್ಯುತ್ ವಾಹನಕ್ಕೆ ಪಿಸ್ಟನ್ನೂ ಬೇಡ, ವಾಲ್ವೂ ಬೇಡ, ಕ್ಲಚ್ ಪ್ಲೇಟೂ ಬೇಡ. ಹಳೆಯ ಬೈಕಿನ ಮಾರುಕಟ್ಟೆ ಆ ನಷ್ಟವನ್ನೆಲ್ಲ ತುಂಬಿಕೊಡುತ್ತದೆಂದು ಹೇಳುವುದು ಅಪ್ರಾಮಾಣಿಕತೆಯಾದೀತು, ತುಂಬಿಕೊಡದು. ಆದರೂ ಒಬ್ಬನೇ ಗ್ರಾಹಕನು ವರ್ಷವರ್ಷವೂ ಇಳಿಸುವ ದರಕ್ಕೆ ತಲೆಬಾಗುವ ಘಟಕಕ್ಕೆ ತನ್ನದೇ ಹೆಸರಿನಲ್ಲಿ, ತಾನೇ ನಿಗದಿಪಡಿಸಿದ ಬೆಲೆಗೆ ಮಾರುವ ಹತ್ತು ಭಾಗಗಳಿದ್ದರೆ ಮಾತುಕತೆಯ ಮೇಜಿನಲ್ಲಿ ಅದರ ದನಿ ಬೇರೆಯಾಗುತ್ತದೆ.

ಕಾನೂನಿನ ಭಯ ಎರಡನೆಯದು. ಪೇಟೆಂಟಿನ ಅವಧಿ 20 ವರ್ಷ. ಭಾರತದಲ್ಲಿ ವಿನ್ಯಾಸ ನೋಂದಣಿಯ ಗರಿಷ್ಠ ಅವಧಿ 15 ವರ್ಷ. 1972ರ ಯಂತ್ರದ ಮಟ್ಟಿಗೆ ಇವೆರಡೂ ಎಂದೋ ಮುಗಿದ ಅಧ್ಯಾಯಗಳು. ಮುಗಿಯದೆ ಉಳಿದಿರುವುದು ಟ್ರೇಡ್‌ಮಾರ್ಕ್. ಭಾಗದ ಮೇಲೆ ಅಥವಾ ಪೊಟ್ಟಣದ ಮೇಲೆ ಮೂಲ ಸಂಸ್ಥೆಯ ಲಾಂಛನ ಒತ್ತುವುದು ಅಪರಾಧ. ಇಂಥ ಮಾದರಿಗೆ ಹೊಂದುವ ಭಾಗವೆಂದು ಪ್ರಾಮಾಣಿಕವಾಗಿ ವಿವರಿಸಿ, ತಯಾರಕನು ತನ್ನ ಹೆಸರನ್ನೇ ಮೇಲೆ ಹಾಕುವುದು ಬೇರೆ ಮಾತು. ವಿಪರ್ಯಾಸವೆಂದರೆ ಬಿಡಿಭಾಗದ ಪೇಟೆಯಲ್ಲಿ ಅಪರಾಧವಾದ ಮೊದಲನೆಯದೇ ಹೆಚ್ಚು ನಡೆಯುತ್ತದೆ. ತನ್ನ ಹೆಸರು ಹಾಕಲು ಅಂಜುವವನು ತನ್ನ ಸರಕನ್ನು ತಾನೇ ನಂಬಿಲ್ಲವೆಂದಾಯಿತು.

ರಫ್ತಿನ ತೊಡಕು ಮೂರನೆಯದು, ಮತ್ತು ಇದರಲ್ಲಿ ನಿಜಾಂಶವಿದೆ. ಮೋಟಾರ್‌ಸೈಕಲ್ ಭಾಗಗಳು ಸುಂಕದ 8714 ಶೀರ್ಷಿಕೆಯಡಿ, ಎಂಜಿನ್ ಭಾಗಗಳು 8409ರಡಿ ಬರುತ್ತವೆ; ಆಮದು ರಫ್ತು ಸಂಕೇತ ಸಂಖ್ಯೆ ಪಡೆಯುವುದು ಈಗ ಕಷ್ಟದ ಕೆಲಸವಲ್ಲ. ಆದರೆ 2025ರ ಆಗಸ್ಟ್ 29ರಿಂದ ಅಮೆರಿಕವು 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ರದ್ದುಪಡಿಸಿತು. ಎರಡು ಬುಷ್‌ಗಳನ್ನು ನೇರವಾಗಿ ಸವಾರನ ಮನೆಗೆ ಅಂಚೆಯಲ್ಲಿ ಕಳುಹಿಸುವ ಲೆಕ್ಕಾಚಾರ ಅಂದಿನಿಂದ ಕೆಟ್ಟಿದೆ. ಅಲ್ಲಿಯ ವಿತರಕನೊಬ್ಬನಿಗೆ ಒಟ್ಟಾಗಿ ಕಳುಹಿಸುವುದು, ಅಥವಾ ಹಳೆಯ ಬೈಕಿನ ಸಂಘಗಳು ಬಲವಾಗಿರುವ ಬ್ರಿಟನ್ ಹಾಗೂ ಯೂರೋಪಿನತ್ತ ಮೊದಲು ನೋಡುವುದು ಈಗ ವಿವೇಕ. ಇದರ ಜೊತೆಗೆ ಅಮೆರಿಕದಲ್ಲಿ ದೋಷಪೂರಿತ ಭಾಗದಿಂದ ಗಾಯಗೊಂಡವನು ತಯಾರಕನ ಮೇಲೆ ದಾವೆ ಹೂಡುವುದು ಸಾಮಾನ್ಯ. ಉತ್ಪನ್ನ ಹೊಣೆಗಾರಿಕೆಯ ವಿಮೆಯಿಲ್ಲದೆ ಬ್ರೇಕು, ಹ್ಯಾಂಡಲ್ ಅಥವಾ ಅಚ್ಚಿನ ಭಾಗಗಳಿಗೆ ಕೈಹಾಕುವುದು ಸಾಹಸವೇ ಹೊರತು ವ್ಯಾಪಾರವಲ್ಲ.

ಸ್ಥಳೀಯ ಬೇಡಿಕೆ ಎಂದೂ ಬರದು ಎಂದು ತಳ್ಳಿಹಾಕುವಂತೆಯೂ ಇಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಡಾಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿ, ಆ ಸ್ಪರ್ಧೆಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಆ ದಾರಿ ಹಿಡಿದರು. ಕೋಲಾರದ ಬಳಿ ಮಣ್ಣಿನ ಸವಾರಿ ಕಲಿಸುವ ಮೈದಾನವೇ ಸಿದ್ಧವಾಗಿದೆ. 2011ರಲ್ಲಿ ಬಿಡುಗಡೆಯಾಗಿ ಕೆಲವೇ ವರ್ಷಗಳಲ್ಲಿ ಮಾರಾಟ ನಿಂತುಹೋದ ಹೀರೋ ಇಂಪಲ್ಸ್ ಎಂಬ ಫೋರ್ ಸ್ಟ್ರೋಕ್ ಟ್ರೇಲ್ ಬೈಕನ್ನು ಇಂದಿಗೂ ಜೋಪಾನ ಮಾಡಿ ಓಡಿಸುವವರಿದ್ದಾರೆ. ಎಕ್ಸ್‌ಎಲ್ 250ರ ಮಟ್ಟಿಗೆ ಅಮೆರಿಕದಲ್ಲಿ ನಡೆದದ್ದು ಇಂಪಲ್ಸ್‌ನ ಮಟ್ಟಿಗೆ ಇಲ್ಲಿ ನಡೆಯಲು ಇನ್ನೂ ಮೂವತ್ತು ವರ್ಷ ಕಾಯಬೇಕಾಗಿಲ್ಲ. ಭಾಗ ಸಿಗದ ಪರದಾಟ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ.

ಪ್ರಯೋಗ ಮಾಡಿ ನೋಡಬಯಸುವ ಘಟಕವು ಎಂಜಿನ್ನಿನಿಂದ ಆರಂಭಿಸಬಾರದು. ಯಾವುದಾದರೂ ಒಂದೇ ಮಾದರಿಯನ್ನು ಆಯ್ದುಕೊಂಡು, ಸವೆಯದ ಮೂಲ ಭಾಗವೊಂದನ್ನು ಕೊಂಡು ಅಳೆಯಬೇಕು. ಸವೆದದ್ದನ್ನು ಅಳೆದು ಮಾಡಿದ ನಕಲು ಸವೆತವನ್ನೂ ನಕಲು ಮಾಡುತ್ತದೆ. ಸ್ವಿಂಗ್ ಆರ್ಮಿನ ಬುಷ್, ಅದರ ತೋಳು, ಹ್ಯಾಂಡಲ್ ಕತ್ತಿನ ಅಡಾಪ್ಟರ್ ಉಂಗುರ, ಮೂರು ಬೇರೆ ಬೇರೆ ಹಲ್ಲಿನ ಸ್ಪ್ರಾಕೆಟ್. ಇಷ್ಟು ಸಾಕು. ಪ್ರತಿ ಪೊಟ್ಟಣದಲ್ಲಿ ಅಳತೆಯ ಚೀಟಿ, ಲೋಹದ ದರ್ಜೆ, ಜೋಡಿಸುವ ಕ್ರಮದ ಒಂದು ಹಾಳೆ ಇರಬೇಕು. ಒಂದು ಜೊತೆಯನ್ನು ಮಾರಾಟಕ್ಕೆ ಮೊದಲು ಪಂದ್ಯದ ಸವಾರನೊಬ್ಬನಿಗೆ ಕೊಟ್ಟು, ಒಂದು ಋತು ಓಡಿಸಿದ ಮೇಲೆ ಬಿಚ್ಚಿ, ಮತ್ತೆ ಅಳೆದು ನೋಡಬೇಕು. ಪಿಸ್ಟನ್ನಿನ ಮಾತು ಅದಾದ ಮೇಲೆ.